ಡಬ್ಬಿ ಮೇಲೆ ದೊಡ್ಡ ಹೆಸರು, ಒಳಗೆ ಅಂಗಡಿ ಬ್ರ್ಯಾಂಡ್ ಚಹಾ. ಅತ್ತೆಗೆ ಹೇಳಲೇಬೇಕಾ?

ಉಪ್ಪಿನಡಬ್ಬಿ:

ಎಂಟು ತಿಂಗಳಿಂದ ಮನೆಯಲ್ಲಿ ಒಂದು ಸಣ್ಣ ಮೋಸ ನಡೆಸಿಕೊಂಡು ಬಂದಿದ್ದೇನೆ. ಇಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲವಲ್ಲ, ಹೇಳಿಬಿಡುತ್ತೇನೆ.

ನಮ್ಮ ಅತ್ತೆಗೆ ಚಹಾ ಅಂದರೆ ಒಂದೇ ಬ್ರ್ಯಾಂಡ್. ನಾನು ಮದುವೆಯಾಗಿ ಬಂದಾಗಿನಿಂದ ಅದರ ಕೆಂಪು ತಗಡಿನ ಡಬ್ಬಿ ಅಡುಗೆಮನೆಯಲ್ಲಿ ಅದೇ ಜಾಗದಲ್ಲಿದೆ. ಒಂದು ಬದಿ ನಗ್ಗಿದೆ. ಮುಚ್ಚಳ ತೆಗೆಯಲು ಚಮಚದ ಹಿಡಿ ಬೇಕು. ಕಳೆದ ವರ್ಷ ನಮ್ಮವರಿಗೆ ಮೂರು ತಿಂಗಳು ಕೆಲಸ ಇರಲಿಲ್ಲ. ಆಗ ಉಪ್ಪು, ಸಕ್ಕರೆ, ಹಿಟ್ಟು ಎಲ್ಲ ಅಂಗಡಿ ಬ್ರ್ಯಾಂಡಿಗೆ ಬದಲಾಯಿತು. ಸೂಪರ್ ಮಾರ್ಕೆಟ್‌ನವರು ತಮ್ಮದೇ ಹೆಸರು ಹಾಕಿ ಮಾರುತ್ತಾರಲ್ಲ, ಬಿಳಿ ಪ್ಯಾಕೆಟ್, ಒಂದೇ ಬಣ್ಣದ ಅಕ್ಷರ, ಕೆಳಗಿನ ಕಪಾಟಿನಿಂದ ಬಗ್ಗಿ ತೆಗೆಯಬೇಕು, ಅದು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಉಪ್ಪಿಗೆ ಯಾರು ತಾನೇ ಏನು ಅನ್ನುತ್ತಾರೆ? ಆಮೇಲೆ ಚಹಾದ ಸರದಿ. ಹೊಸ ಪ್ಯಾಕೆಟ್ ಕತ್ತರಿಸಿ ಆ ಕೆಂಪು ಡಬ್ಬಿಗೆ ಸುರಿದೆ. ಖಾಲಿ ಪ್ಯಾಕೆಟ್ ಮಡಚಿ ಕಸದ ಬುಟ್ಟಿಯ ತಳಕ್ಕೆ, ತರಕಾರಿ ಸಿಪ್ಪೆಯ ಅಡಿಗೆ ತುರುಕಿದೆ.

ನಮ್ಮವರಿಗೆ ಕೆಲಸ ಸಿಕ್ಕಿತು. ನಾನು ಮಾತ್ರ ಹಳೇ ಚಹಾಕ್ಕೆ ವಾಪಸ್ ಹೋಗಲಿಲ್ಲ. ಅತ್ತೆ ಈಗ ಬೆಳಗ್ಗೆ ಒಂದೇ ಲೋಟ ಕುಡಿಯುವುದು. ಸಂಜೆ ಕುಡಿದರೆ ನಿದ್ದೆ ಬರುವುದಿಲ್ಲ ಅಂತ ಬಿಟ್ಟಿದ್ದಾರೆ. ಆ ಒಂದು ಲೋಟ ಕುಡಿದು ಕೆಳಗಿಟ್ಟು, "ಏನೇ ಹೇಳು, ಈ ಚಹಾದ ರುಚಿ ಬೇರೆ ಯಾವುದಕ್ಕೂ ಇಲ್ಲ" ಅನ್ನುತ್ತಾರೆ. ನಾನು ಸುಮ್ನೆ ಪಾತ್ರೆ ತೊಳೆಯುತ್ತಿರುತ್ತೇನೆ.

ಇದು ಮನೆಯ ಕಥೆ. ಹೊರಗಿನದು ಇನ್ನೂ ಬೇಜಾರು. ಹೋದ ವಾರ ಬಿಲ್ಲಿಂಗ್ ಕೌಂಟರಿನಲ್ಲಿ ನನ್ನ ಹಿಂದೆಯೇ ಆಫೀಸಿನ ಒಬ್ಬರು ಬಂದು ನಿಂತರು. ನನ್ನ ಕೈ ನನಗೇ ಗೊತ್ತಿಲ್ಲದ ಹಾಗೆ ದೊಡ್ಡ ಕಂಪನಿಯ ಸೋಪಿನ ಪುಡಿ ಚೀಲ ಎತ್ತಿ ಬಿಳಿ ಪ್ಯಾಕೆಟ್‌ಗಳ ಮೇಲೆ ಇಟ್ಟಿತು. ನಾನು ಲೆಕ್ಕ ಬರೆಯುವ ಕೆಲಸದವಳು. ಬೇರೆಯವರು ಸುಮ್ನೆ ಖರ್ಚು ಮಾಡಿದರೆ ಕೆಂಪು ಗೆರೆ ಎಳೆಯುವವಳು. ನನ್ನ ಬುಟ್ಟಿಯಲ್ಲಿ ಒಂದು ಗೆರೆಯೂ ಎಳೆಯುವ ಹಾಗಿರಲಿಲ್ಲ. ಆದರೂ ಬಚ್ಚಿಟ್ಟೆ. ಯಾಕೆ?

ನಿಮಗೂ ಹೀಗಾಗುತ್ತದಾ? ನೀವು ಯಾವುದನ್ನು ಅಂಗಡಿ ಬ್ರ್ಯಾಂಡಿಗೆ ಬದಲಾಯಿಸಿದ್ದೀರಿ, ಯಾವುದನ್ನು ಸತ್ತರೂ ಬದಲಾಯಿಸುವುದಿಲ್ಲ? ಮತ್ತೆ, ಅತ್ತೆಗೆ ಹೇಳಬೇಕಾ ಬೇಡವಾ?

ರಾತ್ರಿಪಾಳಿ:

ಮೇಡಂ, ನಾನು ಆರು ವರ್ಷ ಬಿಸ್ಕತ್ ಪ್ಯಾಕಿಂಗ್ ಲೈನಿನಲ್ಲಿ ಇದ್ದವನು. ಹಾಗಾಗಿ ನನ್ನ ಉತ್ತರ ಸ್ವಲ್ಪ ಉದ್ದ.

"ಎಲ್ಲಾ ಒಂದೇ ಫ್ಯಾಕ್ಟರಿ, ಒಂದೇ ಮಾಲು, ಕವರ್ ಮಾತ್ರ ಬೇರೆ" ಅಂತ ಈಗ ಯಾರಾದರೂ ಬಂದು ಬರೆಯುತ್ತಾರೆ ನೋಡಿ. ಅದು ಅರ್ಧ ನಿಜ. ನಮ್ಮಲ್ಲಿ ಎರಡು ಥರ ಆರ್ಡರ್ ಬರುತ್ತಿತ್ತು. ಒಂದರಲ್ಲಿ ಬೆಲ್ಟ್ ಮೇಲೆ ಬರುವ ಬಿಸ್ಕತ್ ಅದೇ, ಮೆಷಿನ್ ನಿಲ್ಲಿಸಿ ಕವರ್‌ನ ರೋಲ್ ಬದಲಾಯಿಸುವುದು, ಮತ್ತೆ ಓಡಿಸುವುದು. ಎರಡು ಗಂಟೆಗೆ ಇದ್ದ ಹೆಸರು ಮೂರು ಗಂಟೆಗೆ ಬೇರೆ. ಇನ್ನೊಂದರಲ್ಲಿ ಸೂಪರ್ ಮಾರ್ಕೆಟ್‌ನವರೇ ಕೊಡಬಹುದಾದ ಬೆಲೆ ಮೊದಲೇ ಹೇಳಿ, ಅದಕ್ಕೆ ತಕ್ಕ ರೆಸಿಪಿ ಮಾಡಿ ಅನ್ನುತ್ತಿದ್ದರು. ಆಗ ಬೆಣ್ಣೆ ಹೋಗಿ ತಾಳೆ ಎಣ್ಣೆ ಬರುತ್ತದೆ, ಚಾಕೊಲೇಟ್ ಚೂರು ಕಡಿಮೆಯಾಗುತ್ತದೆ, ಸಕ್ಕರೆ ಜಾಸ್ತಿಯಾಗುತ್ತದೆ. ಎರಡೂ ಅದೇ ಗೇಟಿನಿಂದ ಹೊರಗೆ ಹೋಗುವ ಲಾರಿಯಲ್ಲೇ ಹೋಗುತ್ತವೆ. ಅದಕ್ಕೆ ಫ್ಯಾಕ್ಟರಿ ವಿಳಾಸ ನೋಡಿ ಖುಷಿಪಡಬೇಡಿ. ಪದಾರ್ಥಗಳ ಪಟ್ಟಿ ನೋಡಿ. ಜಾಸ್ತಿ ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ, ಇದು ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಗುಣಮಟ್ಟದ ನಿಯಮ. ಎರಡು ಪ್ಯಾಕೆಟ್ ಪಕ್ಕಪಕ್ಕ ಹಿಡಿದು ಮೊದಲ ಮೂರು ಹೆಸರು ಓದಿದರೆ ಸಾಕು, ಮುಕ್ಕಾಲು ಗುಟ್ಟು ಗೊತ್ತಾಗುತ್ತದೆ.

ಒಂದೇ ಸೂರಿನ ಕೆಳಗೆ ಎಷ್ಟು ಹೆಸರು ಹುಟ್ಟುತ್ತವೆ ಅಂತ ಜನಕ್ಕೆ ಗೊತ್ತಾಗುವುದು ಏನಾದರೂ ಕೆಟ್ಟಾಗಲೇ. 2007ರಲ್ಲಿ ಮೆನು ಫುಡ್ಸ್ ಅನ್ನುವ ಕೆನಡಾದ ಕಂಪನಿ ನಾಯಿ ಬೆಕ್ಕುಗಳ ಆಹಾರ ವಾಪಸ್ ಕರೆಸಿತು. ಅದಕ್ಕೆ ಹಾಕಿದ್ದ ಗೋಧಿಯ ಗ್ಲುಟೆನ್‌ನಲ್ಲಿ, ಅಂದರೆ ಗೋಧಿಯ ಅಂಟಿನಲ್ಲಿ, ಮೆಲಮೈನ್ ಅನ್ನುವ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರೆತಿತ್ತು. ಸುಮಾರು 6 ಕೋಟಿ ಡಬ್ಬಿ, ಪೊಟ್ಟಣ. ಹತ್ತಿರ ಹತ್ತಿರ 100 ಬ್ರ್ಯಾಂಡ್. ಅಂಗಡಿಯವರ ಅಗ್ಗದ ಹೆಸರೂ ಇತ್ತು, ತುಂಬಾ ದುಬಾರಿ ಹೆಸರೂ ಇತ್ತು. ನಮ್ಮ ಲೈನಿನಲ್ಲಿ ಆ ಸುದ್ದಿಗೆ ಯಾರಿಗೂ ಆಶ್ಚರ್ಯ ಆಗಲಿಲ್ಲ.

ಇನ್ನು ಚಹಾ. ಚಹಾ ಉಪ್ಪಿನ ಹಾಗಲ್ಲ. ದೊಡ್ಡ ಬ್ರ್ಯಾಂಡಿನವರು ಹತ್ತಾರು ತೋಟದ ಎಲೆ ಬೆರೆಸಿ, ಮಳೆ ಹೆಚ್ಚಾದ ವರ್ಷವೂ ಬಿಸಿಲು ಹೆಚ್ಚಾದ ವರ್ಷವೂ ಒಂದೇ ರುಚಿ ಬರುವ ಹಾಗೆ ನೋಡಿಕೊಳ್ಳುತ್ತಾರೆ. ನೀವು ಕೊಡುವ ದುಡ್ಡಲ್ಲಿ ಒಂದು ಭಾಗ ಅದಕ್ಕೆ. ಅಗ್ಗದ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಪುಡಿ ಸಣ್ಣದಿರುತ್ತದೆ. ಸಣ್ಣ ಪುಡಿ ಬೇಗ ಬಣ್ಣ ಬಿಡುತ್ತದೆ, ಬೇಗ ಒಗರೂ ಬಿಡುತ್ತದೆ. ಕುದಿಸುವ ಹೊತ್ತು ಸ್ವಲ್ಪ ಕಡಿಮೆ ಮಾಡಿ ನೋಡಿ.

ನಿಜವಾಗಿ ವ್ಯತ್ಯಾಸ ಇದೆಯಾ ಅಂತ ತಿಳಿಯಬೇಕಾದರೆ ಎರಡು ಲೋಟ ಇಟ್ಟು "ಯಾವುದು ಚೆನ್ನಾಗಿದೆ" ಅಂತ ಕೇಳಬೇಡಿ. ಮೂರು ಇಡಿ. ಎರಡರಲ್ಲಿ ಒಂದೇ ಚಹಾ, ಒಂದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಮಾತ್ರ ಕೇಳಿ. ರುಚಿ ನೋಡುವವರು ಇದನ್ನು ಟ್ರಯಾಂಗಲ್ ಟೆಸ್ಟ್ ಅನ್ನುತ್ತಾರೆ. ಕಣ್ಣು ಮುಚ್ಚಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಮೂಲೆಮನೆ:

ಡಬ್ಬಿ ಎಸೆಯಿರಿ. ಎಲ್ಲಾ ಸಮಸ್ಯೆ ಡಬ್ಬಿಯದೇ.

ಲೆಕ್ಕದಮೇಷ್ಟ್ರು:

ಉಪ್ಪಿನಡಬ್ಬಿಯವರೇ, ನೀವು ಕೇಳಿದ "ಯಾಕೆ" ಅನ್ನುವುದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ. ನಿಮ್ಮ ನಾಚಿಕೆಯನ್ನು ಆ ಪ್ಯಾಕೆಟ್ ಮೇಲೆ ಮೊದಲೇ ಪ್ರಿಂಟ್ ಮಾಡಿಟ್ಟಿದ್ದಾರೆ.

ಡ್ಯೂಪ್ವಿ ಅನ್ನುವ ಫ್ರೆಂಚ್ ಎಂಜಿನಿಯರ್ 1849ರಲ್ಲಿ ರೈಲಿನ ಬಗ್ಗೆ ಒಂದು ಮಾತು ಬರೆದ. ಆಗ ಮೂರನೇ ದರ್ಜೆಯ ಡಬ್ಬಿಗಳಿಗೆ ಸೂರು ಇರುತ್ತಿರಲಿಲ್ಲ. ಸೂರಿಗೆ ದುಡ್ಡಿಲ್ಲ ಅಂತಲ್ಲ, ಬಡವರ ಮೇಲೆ ಸಿಟ್ಟೂ ಅಲ್ಲ. ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವನು ಮೂರನೆಯದರಲ್ಲಿ ಬಂದು ಕೂರಬಾರದು, ಅಷ್ಟೇ. ಈಗ ಬಿಳಿ ಪ್ಯಾಕೆಟ್ ನೋಡಿ. ಅದರ ಮೇಲೆ ಒಂದು ಚೆಂದದ ಎಲೆಯ ಚಿತ್ರ ಹಾಕಿದರೆ ಎಷ್ಟು ಖರ್ಚು ಬಂದೀತು? ಏನೂ ಇಲ್ಲ. ಬೇಕೆಂದೇ ಹಾಕುವುದಿಲ್ಲ. ಚೆಂದ ಮಾಡಿದರೆ ನೀವು ಮಾತ್ರವಲ್ಲ, ನಿಮ್ಮ ಹಿಂದೆ ನಿಂತಿದ್ದ ಆಫೀಸಿನವರೂ ಅದನ್ನೇ ತೆಗೆದುಕೊಳ್ಳುತ್ತಾರೆ. ಆ ಪ್ಯಾಕೆಟ್ ಸೂರಿಲ್ಲದ ರೈಲು ಡಬ್ಬಿ.

ಶುರುವಿನಲ್ಲಿ ಹೀಗಿರಲಿಲ್ಲ ಅನ್ನುವುದು ತಮಾಷೆ. 1976ರಲ್ಲಿ ಫ್ರಾನ್ಸಿನ ಕಾರ್‌ಫೂರ್ ಅನ್ನುವ ಸೂಪರ್ ಮಾರ್ಕೆಟ್ ಕಂಪನಿ 50 ಪದಾರ್ಥಗಳನ್ನು ಹೆಸರಿಲ್ಲದ ಬಿಳಿ ಪ್ಯಾಕೆಟ್‌ನಲ್ಲಿ ತಂದಾಗ ಅದನ್ನು ಸ್ವತಂತ್ರ ಪದಾರ್ಥ ಅಂತ ಕರೆಯಿತು. ಜಾಹೀರಾತಿನ ಹಂಗಿಲ್ಲದ್ದು ಅಂತ. ಅದನ್ನು ಕೊಳ್ಳುವುದು ಜಾಣತನ ಅನ್ನುವ ಹಾಗೆ ಮಾರಿದರು. ಎರಡು ವರ್ಷದ ಮೇಲೆ ಕೆನಡಾದ ಲಾಬ್ಲಾ ಕಂಪನಿ 'ನೋ ನೇಮ್' ಅಂತಲೇ ಹೆಸರಿಟ್ಟು 16 ಪದಾರ್ಥ ತಂದಿತು. ಹಳದಿ ಪ್ಯಾಕೆಟ್, ಕಪ್ಪು ಅಕ್ಷರ. ಹೆಸರಿಲ್ಲ ಅನ್ನುವುದೇ ಅಲ್ಲಿ ದೊಡ್ಡ ಹೆಸರಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಪಾನಿನ ಮುಜಿ. ಈಗ ಅದು ಚೆಂದದ ಬಟ್ಟೆ, ಪೆನ್ನು ಮಾರುವ ಅಂಗಡಿ. ಆದರೆ 1980ರಲ್ಲಿ ಹುಟ್ಟಿದ್ದು ಸೇಯು ಅನ್ನುವ ಸೂಪರ್ ಮಾರ್ಕೆಟ್‌ನ ಅಗ್ಗದ ಬ್ರ್ಯಾಂಡ್ ಆಗಿ. 40 ಪದಾರ್ಥ, ಅದರಲ್ಲಿ 31 ತಿನ್ನುವಂಥವು. ಅವರು ಮುರಿದ ಒಣ ಅಣಬೆ ಮಾರಿದರು. ಹೇಗಿದ್ದರೂ ಹೆಚ್ಚಿ ಅಡುಗೆಗೆ ಹಾಕುವ ಅಣಬೆ ಗುಂಡಗೆ ಇದ್ದರೇನು, ಮುರಿದಿದ್ದರೇನು? ಸ್ಪಗೆಟ್ಟಿ ಅನ್ನುವ ಉದ್ದ ಶಾವಿಗೆಯಂಥದ್ದನ್ನು ಕೋಲಿಗೆ ನೇತುಹಾಕಿ ಒಣಗಿಸಿ ಕತ್ತರಿಸುವಾಗ ಮೇಲೆ ಬಾಗಿದ ತುದಿ ಉಳಿಯುತ್ತದೆ. ಅದನ್ನೂ ಮಾರಿದರು. ಅಗ್ಗ ಯಾಕೆ ಅನ್ನುವ ಕಾರಣವನ್ನು ಪ್ಯಾಕೆಟ್ ಮೇಲೇ ಬರೆದರು. ಕಾರಣ ಗೊತ್ತಿದ್ದರೆ ನಾಚಿಕೆಗೆ ಜಾಗ ಇರುವುದಿಲ್ಲ. ನಿಮ್ಮ ಬಿಳಿ ಪ್ಯಾಕೆಟ್ ಕಾರಣ ಹೇಳುವುದಿಲ್ಲ. ನೋಡುವವರು ತಮಗೆ ತೋಚಿದ ಕಾರಣ ತುಂಬಿಕೊಳ್ಳುತ್ತಾರೆ.

ಇನ್ನೊಂದು. 2015ರಲ್ಲಿ ನಾಲ್ವರು ಅರ್ಥಶಾಸ್ತ್ರಜ್ಞರು ಅಮೆರಿಕದ ಮನೆಗಳ ಖರೀದಿಯ ಲೆಕ್ಕ ಹಿಡಿದು ಒಂದು ಅಧ್ಯಯನ ಪ್ರಕಟಿಸಿದರು. ತಲೆನೋವಿನ ಮಾತ್ರೆ ಕೊಳ್ಳುವಾಗ ಸಾಮಾನ್ಯ ಜನ 100ಕ್ಕೆ 26 ಸಲ ದೊಡ್ಡ ಬ್ರ್ಯಾಂಡ್ ಆರಿಸುತ್ತಿದ್ದರು, ಫಾರ್ಮಸಿಸ್ಟ್‌ಗಳು 9 ಸಲ ಮಾತ್ರ. ಉಪ್ಪು, ಸಕ್ಕರೆಯಂಥ ಪದಾರ್ಥಗಳಲ್ಲಿ ಅಡುಗೆಯೇ ಕಸುಬಾದವರೂ ಹಾಗೆಯೇ, ಬೇರೆಯವರಿಗಿಂತ ಬ್ರ್ಯಾಂಡಿನ ಪಾಲು ಅವರಲ್ಲಿ ಶೇಕಡಾ 12 ಅಂಶ ಕಡಿಮೆ. ಒಳಗೆ ಏನಿದೆ ಅಂತ ಗೊತ್ತಿರುವವರು ಹೊರಗಿನ ಹೆಸರಿಗೆ ದುಡ್ಡು ಕೊಡುವುದಿಲ್ಲ.

ಹರಿದಚೀಲ:

ಮೇಷ್ಟ್ರೇ, ನಿಮ್ಮ ರೈಲಿನ ಕಥೆ ಚೆನ್ನಾಗಿದೆ. ಆದರೆ ನಾನು ಆ ಸೂರಿಲ್ಲದ ಡಬ್ಬಿಯಲ್ಲೇ ಬೆಳೆದವಳು. ಹಾಗಾಗಿ ಎರಡು ಮಾತು.

ನಮ್ಮಮ್ಮ ಎಲ್ಲದರಲ್ಲೂ ಅತಿ ಅಗ್ಗದ್ದೇ ತರುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಒಂದು ಸಲ ಹೊಸ ಅಗ್ಗದ ಎಣ್ಣೆ ತಂದರು. ಅದು ಬಾಣಲೆಯಲ್ಲಿ ನೊರೆ ಕಟ್ಟಿತು, ಮನೆಯೆಲ್ಲ ಕಮಟು ವಾಸನೆ. ನೀವಾಗಿದ್ದರೆ ಚೆಲ್ಲಿ ಬೇರೆ ತರುತ್ತಿದ್ದಿರಿ. ನಾವು ಆ ಎಣ್ಣೆಯನ್ನೇ ತಿಂಗಳು ಪೂರ್ತಿ ತಿಂದೆವು. ಕೈಯಲ್ಲಿ ದುಡ್ಡಿಲ್ಲದವರು ಪ್ರಯೋಗ ಮಾಡುವುದಕ್ಕೆ ಆಗುವುದಿಲ್ಲ ಮೇಷ್ಟ್ರೇ. ಪ್ರಯೋಗ ಕೆಟ್ಟರೆ ಅವರ ಹತ್ತಿರ ಎರಡನೇ ಪ್ಯಾಕೆಟ್ ಇರುವುದಿಲ್ಲ. ಕಷ್ಟದಲ್ಲಿರುವವರು ದೊಡ್ಡ ಬ್ರ್ಯಾಂಡ್ ಕೊಂಡರೆ "ಇವರಿಗೆ ಬುದ್ಧಿ ಇಲ್ಲ" ಅನ್ನುತ್ತಾರೆ ಜನ. ಅವರು ಕೊಳ್ಳುತ್ತಿರುವುದು ಹೆಸರನ್ನಲ್ಲ, ಕೆಡುವುದಿಲ್ಲ ಅನ್ನುವ ನಂಬಿಕೆಯನ್ನು.

ಶಾಲೆಯಲ್ಲಿ ಪಕ್ಕ ಕೂರುತ್ತಿದ್ದ ಹುಡುಗಿ ನನ್ನ ಬಿಸ್ಕತ್ ಪ್ಯಾಕೆಟ್ ಮೇಲಿದ್ದ ಹೆಸರನ್ನು ಜೋರಾಗಿ ಓದುತ್ತಿದ್ದಳು. ಅಷ್ಟೇ, ಓದುತ್ತಿದ್ದಳು. ಬೇರೇನೂ ಅನ್ನುತ್ತಿರಲಿಲ್ಲ. ಅವಳು ಓದಿ ಮುಗಿಸುವವರೆಗೂ ನಾನು ಪ್ಯಾಕೆಟ್ ಬಿಚ್ಚುತ್ತಿರಲಿಲ್ಲ. ಇವತ್ತಿಗೂ ನಾನು ಅಂಗಡಿ ಬ್ರ್ಯಾಂಡಿನ ಬಿಸ್ಕತ್ ಮುಟ್ಟುವುದಿಲ್ಲ. ಚೆನ್ನಾಗಿರುತ್ತದೆ ಅಂತ ಗೊತ್ತು. ಆದರೂ ಬೇಡ.

ಲೆಕ್ಕದಮೇಷ್ಟ್ರು:

ಒಪ್ಪಿದೆ. ಎರಡನೇ ಪ್ಯಾಕೆಟ್‌ನ ಮಾತು ನನಗೆ ಹೊಳೆದಿರಲಿಲ್ಲ. ಒಂದೇ ಒಂದು ಸೇರಿಸುತ್ತೇನೆ. ಆ ನಂಬಿಕೆಯೂ ಯಾವಾಗಲೂ ಉಳಿಯುವುದಿಲ್ಲ. 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಸಂಸ್ಥೆ ಗೋಮಾಂಸದ ಬರ್ಗರ್‌ಗಳನ್ನು ಪರೀಕ್ಷೆ ಮಾಡಿದ್ದನ್ನು ಹೊರಗೆ ಹಾಕಿತು. ಟೆಸ್ಕೋ ಅನ್ನುವ ಸೂಪರ್ ಮಾರ್ಕೆಟ್‌ನ ಅಗ್ಗದ ಸಾಲಿನ ಒಂದು ಬರ್ಗರ್‌ನಲ್ಲಿ ಮಾಂಸದ ಶೇಕಡಾ 29ರಷ್ಟು ಕುದುರೆಯದು. ನೋಡಿದಿರಾ ಅಗ್ಗದ್ದರ ಹಣೆಬರಹ ಅಂತ ಎಲ್ಲರೂ ಅಂದರು. ಮುಂದಿನ ತಿಂಗಳೇ ಫಿಂಡಸ್ ಅನ್ನುವ ಹೆಸರಾಂತ ಬ್ರ್ಯಾಂಡಿನ, ಗೋಮಾಂಸದ್ದು ಅಂತ ಮಾರುತ್ತಿದ್ದ ಲಸಾನ್ಯ ಅನ್ನುವ ತಿನಿಸಿನಲ್ಲಿ ಅದಕ್ಕಿಂತಲೂ ಜಾಸ್ತಿ ಸಿಕ್ಕಿತು.

ಉಪ್ಪಿನಡಬ್ಬಿ:

ಎಲ್ಲರಿಗೂ ಥ್ಯಾಂಕ್ಸ್. ಹರಿದಚೀಲ ಅವರೇ, ನಿಮ್ಮ ಬಿಸ್ಕತ್ ಮಾತು ಓದಿ ಒಂದು ಗಂಟೆ ಏನೂ ಕೆಲಸ ಮಾಡಲಿಲ್ಲ. ಕೆಲಸ ಇಲ್ಲದಿದ್ದಾಗಲೂ ನಾನು ಮಗಳ ಡಬ್ಬಿಗೆ ಮಾತ್ರ ದೊಡ್ಡ ಬ್ರ್ಯಾಂಡಿನದೇ ಹಾಕುತ್ತಿದ್ದೆ. ಯಾಕೆ ಅಂತ ಆಗ ಯೋಚಿಸಿರಲಿಲ್ಲ.

ರಾತ್ರಿಪಾಳಿಯವರು ಹೇಳಿದ ಹಾಗೆ ಮೂರು ಲೋಟದ ಪರೀಕ್ಷೆ ಮಾಡಿದೆ. ಅತ್ತೆ ಮಧ್ಯಾಹ್ನ ಮಲಗಿದ್ದಾಗ. ಲೋಟದ ತಳಕ್ಕೆ ಸೀಮೆಸುಣ್ಣದ ಗುರುತು. ಹಾಲು, ಸಕ್ಕರೆ ಹಾಕಿದ ಚಹಾದಲ್ಲಿ ನಮ್ಮವರು ಒಂಬತ್ತು ಸಲದಲ್ಲಿ ನಾಲ್ಕು ಸಲ ಸರಿ ಹೇಳಿದರು. ಸುಮ್ನೆ ಊಹೆ ಮಾಡಿದ್ದರೂ ಮೂರು ಬರುತ್ತಿತ್ತು. ಹಾಗಾಗಿ ಅವರ ನಾಲಿಗೆಗೆ ಒಂದು ಅಂಕ ಕೊಟ್ಟೆ. ಆಮೇಲೆ ಮಗಳು, "ಹಾಲು ಹಾಕದೇ ಕೊಡು" ಅಂದಳು. ಬರೀ ಡಿಕಾಕ್ಷನ್‌ನಲ್ಲಿ ಆರಕ್ಕೆ ಆರೂ ಸರಿ! ಅಂಗಡಿಯದು ನಾಲಿಗೆಯ ಹಿಂಭಾಗ ಹಿಡಿದುಕೊಳ್ಳುತ್ತದಂತೆ. ಹನ್ನೆರಡು ವರ್ಷದವಳು. ಅಂದರೆ ವ್ಯತ್ಯಾಸ ಇದೆ. ನಾವು ಅದನ್ನು ಹಾಲು ಸಕ್ಕರೆಯಲ್ಲಿ ಮುಳುಗಿಸಿ ಕುಡಿಯುತ್ತಿದ್ದೇವೆ, ಅಷ್ಟೇ. ಕುದಿಸುವುದು ಕಡಿಮೆ ಮಾಡಿದ ಮೇಲೆ ಒಗರು ನಿಜಕ್ಕೂ ಇಳಿಯಿತು.

ನಾನು ಬದಲಾಯಿಸದ್ದು ಅಂದರೆ ಕಸದ ಚೀಲ. ಅಗ್ಗದ್ದು ಮೆಟ್ಟಿಲ ಮೇಲೆ ಹರಿದು ಮೂರು ದಿನದ ಕಸ ಕೆಳಗಿನ ಮನೆಯವರ ಬಾಗಿಲವರೆಗೂ ಹೋಯಿತು. ಪಾತ್ರೆ ತೊಳೆಯುವ ಸೋಪೂ ಅಷ್ಟೇ, ಎರಡು ಪಟ್ಟು ಸುರಿಯಬೇಕು, ಉಳಿಯುವುದೇನು? ಇನ್ನು ಕಪಾಟಿನ ಚೀಟಿಯಲ್ಲಿ 100 ಗ್ರಾಂಗೆ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದನ್ನು ನೋಡಿದರೆ ಒಂದೊಂದು ಸಲ ಆಫರ್‌ನಲ್ಲಿರುವ ದೊಡ್ಡ ಬ್ರ್ಯಾಂಡೇ ಅಗ್ಗ ಬೀಳುತ್ತದೆ. ಇದನ್ನು ಲೆಕ್ಕ ಬರೆಯುವ ನಾನು ಮೊನ್ನೆ ಮೊನ್ನೆ ಗಮನಿಸಿದೆ, ನಗಬೇಡಿ.

ಅತ್ತೆಯ ವಿಷಯ ಭಾನುವಾರ ಆದ ಮೇಲೆ ಬರೆಯುತ್ತೇನೆ.

ಮೂಲೆಮನೆ:

ಭಾನುವಾರ ಆಯಿತು. ಏನಾಯಿತು ಹೇಳಿ.

ಉಪ್ಪಿನಡಬ್ಬಿ:

ಹೇಳಿದೆ. ಬೆಳಗಿನ ಚಹಾ ಮುಗಿದ ಮೇಲೆ ಬಿಳಿ ಪ್ಯಾಕೆಟ್ ತಂದು ಡಬ್ಬಿಯ ಪಕ್ಕ ಇಟ್ಟೆ. "ಅತ್ತೆ, ಎಂಟು ತಿಂಗಳಿಂದ ಇದೇ" ಅಂದೆ.

ಅತ್ತೆ ಪ್ಯಾಕೆಟ್ ತಿರುಗಿಸಿ ನೋಡಿದರು. ಕನ್ನಡಕ ತರಿಸಿಕೊಂಡು ಓದಿದರು. ಬೈಯುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆ. "ಹಾಗಾದರೆ ಇದು ದುಬಾರಿ ಅಲ್ವಾ?"

"ಅಲ್ಲ ಅತ್ತೆ. ಹಳೆಯದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ."

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ನಿಧಾನವಾಗಿ, "ಮತ್ತೆ ನಾನ್ಯಾಕೆ ಸಂಜೆ ಚಹಾ ಬಿಟ್ಟೆ?" ಅಂದರು.

ನಿದ್ದೆ ಬರುವುದಿಲ್ಲ ಅಂದದ್ದು ಸುಳ್ಳಂತೆ. ಮಗನ ಕೆಲಸ ಹೋದ ವಾರವೇ ಬಿಟ್ಟಿದ್ದಂತೆ. ಇಷ್ಟು ದುಬಾರಿ ಚಹಾ ಎರಡು ಹೊತ್ತು ಯಾಕೆ, ಸೊಸೆ ಬಾಯಿ ಬಿಟ್ಟು ಹೇಳುವವಳಲ್ಲ ಅಂತ. ಮಗನಿಗೆ ಕೆಲಸ ಸಿಕ್ಕ ಮೇಲೂ ನಾನು ಕೆಳಗಿನ ಕಪಾಟು ಬಿಡಲಿಲ್ಲ, ಅವರು ಸಂಜೆ ಲೋಟ ಹಿಡಿಯಲಿಲ್ಲ. ಒಂದೇ ಡಬ್ಬಿಯಲ್ಲಿ ನಾನೂ ಉಳಿಸುತ್ತಿದ್ದೆ, ಅವರೂ ಉಳಿಸುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ನಾನು ಬರೆದುಕೊಂಡದ್ದು ನನ್ನದನ್ನು ಮಾತ್ರ.

ಸಿಟ್ಟು ಬಂದೇ ಬಂತು, ಇಲ್ಲ ಅಂತಲ್ಲ. ಮಧ್ಯಾಹ್ನದವರೆಗೂ ನನ್ನ ಜೊತೆ ಮಾತಿಲ್ಲ. ನಾಲ್ಕು ಗಂಟೆಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಹೋಗಿ ನೋಡಿದರೆ ಒಲೆಯ ಮೇಲೆ ನೀರು. ಎರಡು ಲೋಟ ತೊಳೆದಿಟ್ಟಿದ್ದರು. ಪುಡಿ ಹಾಕಿದ್ದು ಡಬ್ಬಿಯಿಂದಲ್ಲ, ಪ್ಯಾಕೆಟ್‌ನಿಂದ.

"ಇದು ಅಂಗಡಿಯಲ್ಲಿ ಎಲ್ಲಿಡುತ್ತಾರೆ?" ಅಂತ ಕೇಳಿದರು.

"ಕೆಳಗಿನ ಕಪಾಟಿನಲ್ಲಿ. ಬಗ್ಗಿ ತೆಗೆಯಬೇಕು."

"ನನ್ನ ಮಂಡಿಗೆ ಆಗುವುದಿಲ್ಲ. ನೀನೇ ತಾ. ಎರಡು ತಾ."